ಇಸವಿ ಮೊದಲು, ಬಣ್ಣ ಆಮೇಲೆ: ಮೈಸೂರಿನಲ್ಲಿ ಐವತ್ತರ ದಶಕದ ರೀತಿಯ ಕಸ್ಟಮ್ ಕಾರು ಕಟ್ಟುವ ಬಗೆ

ಹಿತ್ತಲ ಶೆಡ್ಡಿನಲ್ಲಿ ಧೂಳು ಹೊದ್ದು ನಿಂತಿರುವ ಅಂಬಾಸಿಡರನ್ನೋ ಫಿಯಟ್ಟನ್ನೋ ಅಮೆರಿಕದ ಐವತ್ತರ ದಶಕದ ಕಸ್ಟಮ್ ಕಾರಿನಂತೆ, ಅಂದರೆ ಕಾರ್ಖಾನೆಯ ಕಾರನ್ನು ತಮ್ಮ ಅಭಿರುಚಿಗೆ ತಕ್ಕಂತೆ ತಿದ್ದಿದ ಕಾರಿನಂತೆ, ಸಿಂಗರಿಸಬೇಕೆಂದು ಹೊರಟವರು ಗ್ಯಾರೇಜಿನಲ್ಲಿ ಮೊದಲು ಮಾತು ತೆಗೆಯುವುದು ಬಣ್ಣದ ಬಗ್ಗೆ, ಆಮೇಲೆ ಟೈರಿನ ಬಗ್ಗೆ, ಕೊನೆಗೆ ಹಾರ್ನಿನ ಬಗ್ಗೆ. ಇವೆಲ್ಲಕ್ಕೂ ಮುಂಚೆ ನಿರ್ಧರಿಸಬೇಕಾದದ್ದು ಒಂದು ಇಸವಿ. 1954 ಎಂದೋ 1962 ಎಂದೋ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು, ಆ ಇಸವಿಯ ನಂತರ ಹುಟ್ಟಿದ ಯಾವ ವಸ್ತುವೂ ಈ ಕಾರಿನ ಮೇಲೆ ಕಣ್ಣಿಗೆ ಬೀಳಕೂಡದು ಎಂಬ ನಿಯಮವನ್ನು ಹಾಕಿಕೊಂಡರೆ ಮುಂದಿನ ಹೆಚ್ಚಿನ ಪ್ರಶ್ನೆಗಳಿಗೆ ಗೋಡೆಯೇ ಉತ್ತರ ಹೇಳುತ್ತದೆ. ಮೂರು ಬೆರಳಗಲದ ಬಿಳಿ ಪಟ್ಟಿಯ ಟೈರು 1954ಕ್ಕೆ ಒಪ್ಪುತ್ತದೆ. 1962ಕ್ಕೆ ಹೆಚ್ಚೆಂದರೆ ಒಂದು ಅಂಗುಲದ ಪಟ್ಟಿಯೇ ಸರಿ. ಅಲಾಯ್ ಚಕ್ರ, ನೀಲಿ ಬೆಳಕಿನ ದೀಪ, ಕಪ್ಪು ಫಿಲ್ಮು ಅಂಟಿಸಿದ ಗಾಜು ಇವು ಎರಡಕ್ಕೂ ಸಲ್ಲವು.

ಎರಡನೆಯ ನಿಯಮ ನಮ್ಮ ನೆಲಕ್ಕೆ ಸಂಬಂಧಪಟ್ಟದ್ದು. ಬಿಚ್ಚಿ ಮೊದಲಿನಂತೆ ಮಾಡಲಾಗದ ಯಾವ ಕೆಲಸವನ್ನೂ ಕಾರಿನ ಮೇಲೆ ಮಾಡಬಾರದು. ಇದು ಕೇವಲ ಕಾನೂನಿಗೆ ಹೆದರಿ ಹೇಳುವ ಮಾತಲ್ಲ, ಕಾನೂನೂ ಅದನ್ನೇ ಹೇಳುತ್ತದೆ ಎಂಬುದು ನಿಜವಾದರೂ. ಕತ್ತರಿಸದೆ ಕಾರಿನ ನೋಟವನ್ನು ಬದಲಾಯಿಸುವುದು ಕತ್ತರಿಸಿ ಬದಲಾಯಿಸುವುದಕ್ಕಿಂತ ಕಷ್ಟವಾದ ಕೆಲಸ, ಆದ್ದರಿಂದಲೇ ಅದರಲ್ಲಿ ಹೆಚ್ಚು ರುಚಿಯಿದೆ.

ಆ ಕಾರುಗಳ ಹಿನ್ನೆಲೆ

ಕ್ಯಾಲಿಫೋರ್ನಿಯಾದಲ್ಲಿ ಮೂವತ್ತರ ದಶಕದ ಕೊನೆಯಿಂದ ಅರವತ್ತರ ದಶಕದ ಆರಂಭದವರೆಗೆ ಬೆಳೆದ ಈ ಕಲೆಗೆ ಎರಡು ಕವಲುಗಳಿದ್ದವು. ಹೊಸಬರು ಇವೆರಡನ್ನೂ ಬೆರೆಸಿ ಕೆಡಿಸುತ್ತಾರೆ. ಮೊದಲನೆಯದು ಹಾಟ್ ರಾಡ್. ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಯಂಗಳಗಳಲ್ಲಿ ವೇಗದ ಓಟಕ್ಕಾಗಿ ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡು, ಬಂಪರುಗಳನ್ನು ಕಳಚಿ ಹಗುರ ಮಾಡಿ, 1932ರಲ್ಲಿ ಬಂದ ಫೋರ್ಡ್ ವಿ-8 ಎಂಜಿನ್ನಿಗೆ ಒಂದರ ಬದಲು ಎರಡು ಮೂರು ಕಾರ್ಬುರೇಟರ್ ಕೂರಿಸುತ್ತಿದ್ದರು. ಎರಡನೆಯದು ಕಸ್ಟಮ್. ಅದರ ಗುರಿ ವೇಗವಲ್ಲ, ನೋಟ. ನೆಲಕ್ಕೆ ತಗ್ಗಿದ, ನುಣುಪಾದ, ಮೆಲ್ಲಗೆ ಸಂಜೆಯ ಬೀದಿಯಲ್ಲಿ ಸಾಗುವ ಕಾರು ಅದು. ಹಾಟ್ ರಾಡಿನ ಮೂಗು ಕೆಳಗೆ, ಹಿಂಭಾಗ ಮೇಲೆ. ಕಸ್ಟಮ್ ಕಾರು ಹಿಂಭಾಗವನ್ನು ತುಸು ಇಳಿಬಿಟ್ಟು ಮೂಗನ್ನು ಎತ್ತಿ ನಿಲ್ಲುತ್ತದೆ. ನಿಂತಿರುವ ಭಂಗಿಯೊಂದರಿಂದಲೇ ಕಾರಿನ ಕವಲನ್ನು ಗುರುತಿಸಬಹುದು.

ಸ್ಯಾಕ್ರಮೆಂಟೋ ನಗರದ ಹ್ಯಾರಿ ವೆಸ್ಟರ್‌ಗಾರ್ಡ್ ಈ ಎರಡನೆಯ ಕವಲಿನ ಮೊದಲ ದೊಡ್ಡ ಕುಶಲಕರ್ಮಿಗಳಲ್ಲಿ ಒಬ್ಬ. ಅವನ ಕೈಕೆಳಗೆ ಕೆಲಸ ಕಲಿತ ಜಾರ್ಜ್ ಬ್ಯಾರಿಸ್ ತನ್ನ ಅಣ್ಣ ಸ್ಯಾಮ್ ಜೊತೆಗೂಡಿ ಲಾಸ್ ಏಂಜಲೀಸ್ ಬಳಿ ನಡೆಸಿದ ವರ್ಕ್‌ಶಾಪಿನಿಂದ, 1951ರ ಮರ್ಕ್ಯುರಿ ಕಾರನ್ನು ಆಧರಿಸಿ ಬಾಬ್ ಹಿರೋಹಾಟ ಎಂಬ ಯುವಕನಿಗಾಗಿ ಕಟ್ಟಿದ ಕಾರು ಇಂದಿಗೂ ಈ ಕಲೆಯ ಮಾದರಿಯೆನಿಸಿದೆ. ಅದರ ಛಾವಣಿಯ ಕಂಬಗಳನ್ನು ಕತ್ತರಿಸಿ ಇಳಿಸಲಾಗಿತ್ತು, ನಡುವಿನ ಕಂಬವನ್ನು ತೆಗೆದು ಕಿಟಕಿಯ ಚೌಕಟ್ಟನ್ನು ಬಾಗಿಸಲಾಗಿತ್ತು, ಬ್ಯೂಕ್ ಕಾರಿನ ಪಕ್ಕದ ಕ್ರೋಮ್ ಪಟ್ಟಿಯನ್ನು ತಂದು ಅದರ ಮೇಲೆ ಎಳೆಹಸಿರು, ಕೆಳಗೆ ಕಡುಹಸಿರು ಬರುವಂತೆ ಬಣ್ಣವನ್ನು ಬೇರ್ಪಡಿಸಲಾಗಿತ್ತು. ಬೇರೆ ಬೇರೆ ಕಂಪನಿಗಳ ಕಾರುಗಳಿಂದ ತಂದ ಭಾಗಗಳಿದ್ದರೂ ಅವು ಒಂದೇ ಅಚ್ಚಿನಲ್ಲಿ ಹುಟ್ಟಿದಂತೆ ಕಾಣುತ್ತವೆ. ಎರವಲು ತಂದ ಭಾಗ ಎರವಲಿನಂತೆ ಕಾಣಬಾರದು ಎಂಬುದು ಈ ಕಾರನ್ನು ನೋಡಿದವರು ಕಲಿಯುವ ಮೊದಲ ಪಾಠ.

ಅಂಥ ಕತ್ತರಿ ಕೆಲಸ ಅಲ್ಲಿ ಸಾಧ್ಯವಾದದ್ದಕ್ಕೆ ಒಂದು ಕಾರಣ ಕಾರಿನ ಕಟ್ಟಡದಲ್ಲಿಯೇ ಇದೆ. ಮರ್ಕ್ಯುರಿಯಂಥ ಕಾರುಗಳಿಗೆ ಕೆಳಗೆ ಪ್ರತ್ಯೇಕ ಚಾಸಿಸ್ ಇತ್ತು. ಮೇಲಿನ ಮೈಯನ್ನು ಕೊಯ್ದರೂ ಭಾರ ಹೊರುವ ಬೆನ್ನೆಲುಬು ಕೆಳಗೆ ಭದ್ರವಾಗಿರುತ್ತಿತ್ತು. ನಮ್ಮ ಅಂಬಾಸಿಡರ್ ಮತ್ತು ಫಿಯಟ್ 1100 ಕಾರುಗಳಿಗೆ ಬೇರೆ ಚಾಸಿಸ್ ಇಲ್ಲ, ಮೈಯೇ ಬೆನ್ನೆಲುಬು. ಛಾವಣಿ, ಕಂಬ, ನೆಲ ಇವೆಲ್ಲ ಸೇರಿ ಭಾರ ಹೊರುವ ಇಂಥ ಕಾರಿನ ಕಂಬಗಳನ್ನು ಕೊಯ್ದರೆ ಬಾಗಿಲು ಮುಚ್ಚದಂತಾಗುವುದು ಸಣ್ಣ ತೊಂದರೆ. ಅಪಘಾತದಲ್ಲಿ ಒಳಗಿದ್ದವರಿಗೆ ಏನಾಗುತ್ತದೆಂಬುದು ದೊಡ್ಡ ತೊಂದರೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಪ್ರತ್ಯೇಕ ಚಾಸಿಸ್ ಇದೆಯಾದರೂ, ಅದನ್ನು ಕೊಯ್ಯಿರಿ ಎಂದು ಹೇಳಲು ನನಗೆ ಮನಸ್ಸಿಲ್ಲ, ಉಳಿದಿರುವುದೇ ಕೆಲವು.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ, ಮತ್ತು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಬಣ್ಣವನ್ನು ಬದಲಾಯಿಸುವುದಾದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ಪುಸ್ತಕದ ಬಣ್ಣದ ವಿವರವನ್ನೂ ಬದಲಾಯಿಸಿಕೊಳ್ಳಬೇಕು. ಎರಡು ಬಣ್ಣ ಬಳಿದು ಪುಸ್ತಕದಲ್ಲಿ ಒಂದೇ ಬಣ್ಣ ಉಳಿಸಿಕೊಂಡವರು ಎಫ್‌ಸಿ ನವೀಕರಣಕ್ಕೆ ಹೋದ ದಿನ ಪರದಾಡುತ್ತಾರೆ.

2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮಗಳು ಇನ್ನೂ ಮುಖ್ಯ. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿಯೇ ಕಾಪಾಡಿಕೊಂಡು ಬಂದ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ವಿಶೇಷ ನೋಂದಣಿ ಸಂಖ್ಯೆ ದೊರೆಯುತ್ತದೆ. ಚಾಸಿಸ್ ಅಥವಾ ಮೈಕಟ್ಟನ್ನು ಮಾರ್ಪಡಿಸಿದ, ಇಲ್ಲವೇ ಬೇರೆ ಎಂಜಿನ್ ಕೂರಿಸಿದ ವಾಹನಕ್ಕೆ ಇದು ಸಿಗುವುದಿಲ್ಲ. ಪಡೆದವರು ಆ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಇಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ನಿಮ್ಮ ಕಾರು ‘ಎಂವೈ’ ಎಂದು ಆರಂಭವಾಗುವ ಹಳೆಯ ಮೈಸೂರು ರಾಜ್ಯದ ನಂಬರಿನದಾಗಿದ್ದರೆ, ಇಂದು ಗರಗಸ ಹಿಡಿಯುವ ಮೊದಲು ಮುಂದೆ ಮಕ್ಕಳು ಅದನ್ನು ವಿಂಟೇಜ್ ಎಂದು ನೋಂದಾಯಿಸಬಯಸಿದರೆ ಏನಾದೀತು ಎಂದು ಯೋಚಿಸಬೇಕು.

ಕಾರನ್ನು ಆರಿಸುವುದು

ಗೋಡೆಯ ಮೇಲಿನ ಇಸವಿಗೂ ಕಾರಿಗೂ ಹೊಂದಾಣಿಕೆಯಿರಬೇಕು. ಇಲ್ಲಿ ನಮಗೊಂದು ಅದೃಷ್ಟವಿದೆ: ನಮ್ಮ ಕಾರ್ಖಾನೆಗಳು ಮೈಕಟ್ಟನ್ನು ಬದಲಾಯಿಸಲು ಸೋಮಾರಿತನ ತೋರಿದವು. ಹಿಂದೂಸ್ತಾನ್ ಮೋಟಾರ್ಸ್‌ನವರ ಲ್ಯಾಂಡ್‌ಮಾಸ್ಟರ್ 1954ರ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪ. ಅದರ ಮುಂದಿನ ಆವೃತ್ತಿಯಿಂದ ಬಂದ ಅಂಬಾಸಿಡರ್ ಐವತ್ತರ ದಶಕದ ಕೊನೆಯಿಂದ ದಶಕಗಟ್ಟಲೆ ಅದೇ ಭುಜ, ಅದೇ ಬೆನ್ನು ಹೊತ್ತುಕೊಂಡು ಬಂದಿತು. ಆದ್ದರಿಂದ ನೋಂದಣಿಯ ಇಸವಿಗಿಂತ ಮೈಕಟ್ಟಿನ ಇಸವಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಪದ್ಮಿನಿ ಎಂದು ಹೆಸರಾದ ಫಿಯಟ್ 1100ಡಿ ಮಾದರಿ ಇಟಲಿಯಲ್ಲಿ ಬಂದದ್ದು 1962ರಲ್ಲಿ, ಇಲ್ಲಿ 1964ರಲ್ಲಿ. ಅದಕ್ಕೆ 1954ರ ವೇಷ ತೊಡಿಸಿದರೆ ಮೊಮ್ಮಗನಿಗೆ ತಾತನ ಜರಿಪೇಟ ಕಟ್ಟಿದಂತಾಗುತ್ತದೆ. ಅದಕ್ಕೆ 1962 ಅಥವಾ ಅದರ ನಂತರದ ವರ್ಷವೇ ಸರಿ.

ಮಂಡ್ಯ ಕಡೆಯ ತೊಟ್ಟಿಮನೆಗಳ ಕೊಟ್ಟಿಗೆಯಲ್ಲಿ ಹೊಟ್ಟಿನ ಮೂಟೆಗಳ ಪಕ್ಕ ವರ್ಷಗಟ್ಟಲೆ ನಿಂತ ಕಾರು ಸಿಕ್ಕರೆ ಹೊರಗಿನ ಬಣ್ಣಕ್ಕೆ ಮರುಳಾಗಬೇಡಿ. ನಾಲೆಯ ನೀರಿನ ತೇವ ನೆಲದಿಂದ ಏರುತ್ತದೆ, ಇಲಿಗಳು ವೈರಿಂಗನ್ನು ಕಡಿದಿರುತ್ತವೆ. ರಬ್ಬರ್ ಮ್ಯಾಟುಗಳನ್ನು ಎತ್ತಿ ನೆಲವನ್ನೂ, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಹೊಸ್ತಿಲನ್ನೂ, ಜಾಕ್ ಕೊಡುವ ಜಾಗವನ್ನೂ, ಹಿಂದಿನ ಪ್ಲೇಟ್ ಸ್ಪ್ರಿಂಗುಗಳು ಮೈಗೆ ಸೇರುವ ಸ್ಥಳವನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಮಡ್‌ಗಾರ್ಡಿನ ಮೇಲೆ ತೆಳುಬಟ್ಟೆ ಸುತ್ತಿದ ಅಯಸ್ಕಾಂತವನ್ನು ಎಳೆದರೆ ಅದು ಎಲ್ಲಿ ಹಿಡಿತ ಬಿಡುತ್ತದೋ ಅಲ್ಲಿ ಒಳಗಿರುವುದು ತಗಡಲ್ಲ, ಪುಟ್ಟಿ. ನಾನು ಕೊಂಡ ಮೊದಲ ಕಾರಿನ ಎಡಗಡೆಯ ಹಿಂದಿನ ಮಡ್‌ಗಾರ್ಡನ್ನು ಕೆರೆದು ನೋಡಿದ ತಗಡು ಕೆಲಸದ ಹಿರಿಯರು, “ಸಾರ್, ಇದು ಮಡ್‌ಗಾರ್ಡ್ ಅಲ್ಲ, ಮದ್ದೂರು ವಡೆ” ಎಂದಿದ್ದರು. ದಪ್ಪದಲ್ಲಿಯೂ ಗರಿಯಲ್ಲಿಯೂ ಅವರ ಮಾತು ಸರಿಯಾಗಿತ್ತು.

ಬ್ಯಾಟರಿ ಜೋಡಿಸುವ ಮುನ್ನ ಒಂದು ಎಚ್ಚರಿಕೆ. ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಮೈಗೆ ಅರ್ಥ್ ಮಾಡುವ ಪದ್ಧತಿಯಿತ್ತು. ಈಗಿನ ರೂಢಿಯಂತೆ ನೆಗೆಟಿವ್ ತುದಿಯನ್ನು ಮೈಗೆ ಕೊಟ್ಟುಬಿಟ್ಟರೆ ಕೆಲವು ಉಪಕರಣಗಳು ಸುಡುತ್ತವೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲು ಹಳೆಯ ರಬ್ಬರ್ ಪೈಪುಗಳನ್ನು ತಿನ್ನುವುದರಿಂದ, ಎಥೆನಾಲ್ ತಡೆಯುವ ಪೈಪುಗಳನ್ನು ಹಾಕಿಸಿಯೇ ಎಂಜಿನ್ ಚಾಲೂ ಮಾಡಬೇಕು. ಬ್ರೇಕು, ಸ್ಟಿಯರಿಂಗ್, ಟೈರು ಇವು ಸರಿಯಾಗುವವರೆಗೆ ಸಿಂಗಾರಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡದಿರುವುದು ಒಳ್ಳೆಯದು.

ನೋಡಲು ಕಲಿಯುವುದು

ಕೆಲಸಕ್ಕೆ ಕೈಹಾಕುವ ಮೊದಲು ಕೆಲವು ಭಾನುವಾರಗಳನ್ನು ಬರಿ ನೋಡುವುದಕ್ಕೆ ಮೀಸಲಿಡಿ. ಶ್ರೀರಂಗಪಟ್ಟಣದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ರೂಪುಗೊಂಡ ‘ಪಯಣ’ ಕಾರು ಸಂಗ್ರಹಾಲಯವಿದೆ. ಅಲ್ಲಿಗೆ ಹೋದಾಗ ಫಲಕಗಳನ್ನು ಕೊನೆಗೆ ಓದಿ, ಮೊದಲು ಇಪ್ಪತ್ತು ಹೆಜ್ಜೆ ದೂರದಲ್ಲಿ ಪಕ್ಕದಿಂದ ನಿಂತು ಕಾರಿನ ಅಂಚುಗೆರೆಯನ್ನು ಕಣ್ಣಿನಲ್ಲೇ ಎಳೆಯಿರಿ. ಮುಂದಿನ ದೀಪದಿಂದ ಹೊರಟ ಗೆರೆ ಬಾಗಿಲನ್ನು ದಾಟಿ ಹಿಂದಿನ ದೀಪದವರೆಗೆ ಎಲ್ಲಿಯೂ ಎಡವದೆ ಹೋಗುತ್ತದೆಯೇ, ಗಾಜಿನ ಎತ್ತರಕ್ಕೂ ಅದರ ಕೆಳಗಿನ ಮೈಯ ಎತ್ತರಕ್ಕೂ ಇರುವ ಪ್ರಮಾಣವೆಷ್ಟು, ಚಕ್ರದ ಮೇಲಿನ ಸಂದಿ ಎಷ್ಟು ಎಂಬುದನ್ನು ಗಮನಿಸಿ. ಐವತ್ತರ ದಶಕದ ಕಸ್ಟಮ್ ಕಾರುಗಳವರು ಮಾಡಿದ ಎಲ್ಲ ಕೆಲಸಗಳ ಹಿಂದೆ ಈ ಮೂರು ಅಳತೆಗಳಿವೆ: ಗಾಜನ್ನು ಕಿರಿದಾಗಿಸುವುದು, ಮೈಯನ್ನು ಉದ್ದವಾಗಿ ತೋರಿಸುವುದು, ಸಂದಿಯನ್ನು ಮುಚ್ಚುವುದು.

ಹೊರದೇಶದ ಚಿತ್ರಗಳಷ್ಟೇ ಅಲ್ಲ, ನಮ್ಮೂರಿನ ಕೆಲಸವನ್ನೂ ನೋಡಬೇಕು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಮೋಟಾರ್ ಸೈಕಲ್ಲುಗಳ ಪೆಟ್ರೋಲ್ ಟ್ಯಾಂಕನ್ನು ಹತ್ತಿರದಿಂದ ನೋಡಿದರೆ, ಕ್ರೋಮ್ ಎಲ್ಲಿ ನಿಲ್ಲಬೇಕು, ಬಣ್ಣ ಎಲ್ಲಿ ಆರಂಭವಾಗಬೇಕು, ಎರಡರ ನಡುವಿನ ಗೆರೆ ಎಷ್ಟು ತೆಳುವಾಗಿರಬೇಕು ಎಂಬ ಪಾಠ ಅಲ್ಲಿಯೇ ಸಿಗುತ್ತದೆ.

ಎತ್ತರ ಮತ್ತು ಚಕ್ರ

ಕಾರಿನ ಭಂಗಿಯೇ ಅರ್ಧ ಕೆಲಸ. ಅಂಬಾಸಿಡರಿನ ಮುಂದಿನ ಸಸ್ಪೆನ್ಷನ್ನಿನಲ್ಲಿ ಟಾರ್ಷನ್ ಬಾರ್ ಎಂಬ, ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉದ್ದನೆಯ ಉಕ್ಕಿನ ಸರಳುಗಳಿವೆ. ಅವುಗಳ ತುದಿಯ ಹಲ್ಲುಗಳನ್ನು ಕಳಚಿ ಬೇರೆ ಸ್ಥಾನದಲ್ಲಿ ಕೂರಿಸಿದರೆ ಕಾರಿನ ಮೂಗು ಏರುತ್ತದೆ ಅಥವಾ ಇಳಿಯುತ್ತದೆ. ಏನನ್ನೂ ಕೊಯ್ಯಬೇಕಾಗಿಲ್ಲ. ಹಿಂದುಗಡೆ ಪ್ಲೇಟ್ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಲೇತ್ ಕೆಲಸದವರಿಂದ ಮಾಡಿಸಿದ ಉಕ್ಕಿನ ದಿಮ್ಮಿಯನ್ನಿಟ್ಟು, ಉದ್ದದ ಯು-ಬೋಲ್ಟುಗಳಿಂದ ಬಿಗಿದರೆ ಆ ಭಾಗ ತಗ್ಗುತ್ತದೆ. ಕ್ಯಾಲಿಫೋರ್ನಿಯಾದವರೂ ಇದೇ ಉಪಾಯವನ್ನು ಬಳಸುತ್ತಿದ್ದರು. ಸ್ಪ್ರಿಂಗನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಇಳಿಸುವ ಪದ್ಧತಿಯೂ ಅಂದು ಇತ್ತು. ಅದು ಉಕ್ಕಿನ ಹದವನ್ನೇ ಕೆಡಿಸುವುದರಿಂದ ಅದನ್ನು ಇತಿಹಾಸಕ್ಕೆ ಬಿಟ್ಟುಬಿಡೋಣ.

ಎಷ್ಟು ಇಳಿಸಬೇಕು? ಅಲ್ಲಿಯವರು ಎರಡು ಮೂರು ಅಂಗುಲ ಇಳಿಸುತ್ತಿದ್ದರು. ಕುವೆಂಪುನಗರದ ಒಂದು ಅಡ್ಡರಸ್ತೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎಷ್ಟು ಹಂಪುಗಳು ಎದುರಾಗುತ್ತವೆಂದು ಬಲ್ಲವರು ಹಿಂದುಗಡೆ ಒಂದೂವರೆ ಅಂಗುಲಕ್ಕೆ ನಿಲ್ಲಿಸುತ್ತಾರೆ. ಇಳಿಸಿದ ಮೇಲೆ ನಾಲ್ಕು ಜನರನ್ನು ಕೂರಿಸಿ ಟೈರು ಮಡ್‌ಗಾರ್ಡಿಗೆ ಉಜ್ಜುವುದೇ, ಬ್ರೇಕಿನ ಪೈಪು ಎಲ್ಲಿಯಾದರೂ ಸಿಕ್ಕಿಕೊಳ್ಳುವುದೇ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ನಡುಗುವುದೇ ಎಂದು ಪರೀಕ್ಷಿಸಬೇಕು.

ಒಂದೂವರೆ ಅಂಗುಲ ಇಳಿಸಿ ಮೂರು ಅಂಗುಲದ ನೋಟ ಪಡೆಯುವ ದಾರಿಯೂ ಇದೆ. ಹಿಂದಿನ ಚಕ್ರದ ಮೇಲಿನ ತೆರವನ್ನು ಮುಚ್ಚುವ ತಗಡಿನ ಮುಚ್ಚಳ ಆ ಕಾಲದ ಅತ್ಯಂತ ಪ್ರೀತಿಯ ಅಲಂಕಾರವಾಗಿತ್ತು. ಮೊದಲು ರಟ್ಟಿನಲ್ಲಿ ಆಕಾರ ಕೊಯ್ದು, ಎರಡು ದಿನ ಹಾಗೇ ಅಂಟಿಸಿ ದೂರದಿಂದ ನೋಡಿ, ತಿದ್ದಿ, ಆಮೇಲೆ 20 ಗೇಜಿನ ತಗಡಿನಲ್ಲಿ ಮಾಡಿಸಬೇಕು. ಒಳಗಿನಿಂದ ಚಿಲಕದಿಂದ ಹಿಡಿಯುವಂತೆ ಮಾಡಿಸಿದರೆ ಪಂಕ್ಚರ್ ಆದಾಗ ಅರ್ಧ ನಿಮಿಷದಲ್ಲಿ ಕಳಚಬಹುದು. ಮುಂದಿನ ಗಾಜಿನ ಮೇಲೆ ಟೋಪಿಯ ಅಂಚಿನಂತೆ ಚಾಚುವ ಬಿಸಿಲುಮರೆ ಗಾಜಿನ ಎತ್ತರವನ್ನು ಕಣ್ಣಿಗೆ ಕಡಿಮೆ ಮಾಡಿ, ಛಾವಣಿಯನ್ನು ಕೊಯ್ಯದೆಯೇ ಕೊಯ್ದ ಭಾವನೆಯನ್ನು ಕೊಡುತ್ತದೆ. ಇವೆರಡರ ಜೊತೆಗೆ ನುಣುಪಾದ ಕ್ರೋಮ್ ವೀಲ್ ಕಪ್ಪುಗಳಿದ್ದರೆ ಸಾಕು. ಇಷ್ಟಕ್ಕೇ ನಿಲ್ಲಿಸುವವರ ಕಾರುಗಳು ಹೆಚ್ಚು ಚೆನ್ನಾಗಿರುತ್ತವೆ ಎಂಬುದು ನನ್ನ ಅನುಭವ.

ತಗಡು, ತವರ, ಸೀಸ

ಕಸ್ಟಮ್ ಕಾರಿನ ಮೊದಲ ಕೆಲಸ ಸೇರಿಸುವುದಲ್ಲ, ತೆಗೆಯುವುದು. ಬಾನೆಟ್ಟಿನ ಲಾಂಛನ, ಡಿಕ್ಕಿಯ ಮೇಲಿನ ಹೆಸರು, ಬೇಡದ ಪಟ್ಟಿಗಳು ಹೋದ ಮೇಲೆ ಉಳಿಯುವ ಸಣ್ಣ ರಂಧ್ರಗಳನ್ನು ಮುಚ್ಚಿ ಮೈಯನ್ನು ಒಂದೇ ನುಣುಪಾದ ಹರವು ಮಾಡುತ್ತಿದ್ದರು. ಪ್ಲಾಸ್ಟಿಕ್ ಪುಟ್ಟಿ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಅದಕ್ಕಿಂತ ಮೊದಲು ಈ ತುಂಬುವ ಕೆಲಸವೆಲ್ಲ ಸೀಸದಿಂದಲೇ ನಡೆಯುತ್ತಿತ್ತು. ಸೀಸದ ಭಾರ ಹೊತ್ತ ಆ ಕಾರುಗಳನ್ನು ‘ಲೆಡ್ ಸ್ಲೆಡ್’, ಅಂದರೆ ಸೀಸದ ಜಾರುಬಂಡಿ, ಎಂದು ಕರೆದದ್ದು ಅದಕ್ಕಾಗಿಯೇ.

ಈ ಕೆಲಸದ ಮೂಲತತ್ತ್ವ ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತಿತ್ತು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ ಲೋಹದ ಮೇಲಿನ ಕಿಲುಬನ್ನು ಕಳೆದು, ತವರವನ್ನು ಸೋಕಿಸಿ ಹತ್ತಿಯಿಂದ ಒರೆಸಿದಾಗ ತವರ ಬೆಳ್ಳಿಯಂತೆ ಹರಡಿ ಹಿಡಿದುಕೊಳ್ಳುತ್ತದೆ. ಕಾರಿನ ತಗಡಿಗೂ ಹೀಗೆಯೇ ಮೊದಲು ತವರದ ಕಲಾಯಿ ಹಿಡಿಸಬೇಕು. ಕಲಾಯಿ ಹಿಡಿಯದ ಜಾಗದಲ್ಲಿ ಸೀಸ ನಿಲ್ಲುವುದಿಲ್ಲ. ಆಮೇಲೆ ನೂರಕ್ಕೆ 70 ಭಾಗ ಸೀಸ, 30 ಭಾಗ ತವರ ಇರುವ ಕಡ್ಡಿಯನ್ನು ಬಳಸುತ್ತಾರೆ. ಈ ಮಿಶ್ರಣಕ್ಕೊಂದು ಗುಣವಿದೆ: ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ಆರಂಭಿಸಿ, ಪೂರ್ತಿ ನೀರಾಗುವುದು 250 ಡಿಗ್ರಿ ದಾಟಿದ ಮೇಲೆ. ಈ ನಡುವಿನ ಹದದಲ್ಲಿ ಅದು ಬೆಣ್ಣೆಯಂತೆ ಇರುವುದರಿಂದ, ಜೇನುಮೇಣ ಸವರಿದ ಗಟ್ಟಿಮರದ ಸಟ್ಟುಗದಿಂದ ನಿಂತ ಮೇಲ್ಮೈಯ ಮೇಲೂ ಅದನ್ನು ಸವರಿ ಆಕಾರ ಕೊಡಬಹುದು. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಬೀಸುತ್ತಿರಬೇಕು; ಹೆಚ್ಚು ಕಾಯಿಸಿದರೆ ತಗಡು ಉಬ್ಬಿ ಅಲೆಯೇಳುತ್ತದೆ, ಸೀಸ ಕಾಲ ಮೇಲೆ ಬೀಳುತ್ತದೆ.

ಸೀಸವನ್ನು ಕೈ ಅರದಿಂದ ಮಾತ್ರ ಉಜ್ಜಬೇಕು. ಯಂತ್ರದ ಗ್ರೈಂಡರ್ ಹಿಡಿದರೆ ಏಳುವ ಸೀಸದ ಧೂಳು ಉಸಿರಿನೊಳಗೆ ಹೋಗುತ್ತದೆ. ಅದು ವಿಷ, ಮಕ್ಕಳಿಗಂತೂ ದೊಡ್ಡ ಅಪಾಯ. ಮನೆಯಂಗಳದಲ್ಲಿ ಈ ಕೆಲಸ ಬೇಡ. ಮುಖಕ್ಕೆ ಸರಿಯಾದ ಮಾಸ್ಕು, ಕೈಗೆ ಗ್ಲೌಸು ಇರಲಿ. ಅರದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಡಬ್ಬಿಯಲ್ಲಿ ಕೂಡಿಡಿ. ಕೆಲಸದ ಬಟ್ಟೆಯಲ್ಲಿ ಊಟಕ್ಕೆ ಕೂರಬೇಡಿ. ಕೆಲಸ ಮುಗಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಕಲಾಯಿ ಹಿಡಿಸುವಾಗ ಉಳಿದ ಆಮ್ಲದ ಅಂಶವನ್ನು ಕಳೆಯದಿದ್ದರೆ ಎರಡನೆಯ ಮಳೆಗಾಲದಲ್ಲಿ ಬಣ್ಣ ಗುಳ್ಳೆ ಏಳುತ್ತದೆ.

ಇಷ್ಟೆಲ್ಲ ರಗಳೆಯ ನಡುವೆಯೂ ನಾನು ಸೀಸದ ಪರವಾಗಿ ವಾದಿಸುವುದಕ್ಕೆ ಕಾರಣ ಎರಡನೆಯ ನಿಯಮ. ಲಾಂಛನದ ರಂಧ್ರವನ್ನು ವೆಲ್ಡಿಂಗ್ ಮಾಡಿ ಮುಚ್ಚಿದರೆ ಅದು ಶಾಶ್ವತ. ಒಳಗಿನಿಂದ ಹಿತ್ತಾಳೆಯ ಸಣ್ಣ ಬಿಲ್ಲೆಯನ್ನು ಬೆಸುಗೆ ಹಾಕಿ ಹೊರಗಿನಿಂದ ಸೀಸ ತುಂಬಿದರೆ, ಮುಂದೊಂದು ದಿನ ಬೇಕೆಂದವರು ಕಾಯಿಸಿ ಕಳಚಿ, ಹಳೆಯ ರಂಧ್ರದಲ್ಲಿಯೇ ಹಳೆಯ ಲಾಂಛನವನ್ನು ಕೂರಿಸಬಹುದು. ಬಾಗಿಲ ಹಿಡಿಗಳನ್ನು ತೆಗೆದು, ಮರೆಯಲ್ಲಿಟ್ಟ ವಿದ್ಯುತ್ ಗುಂಡಿಯಿಂದ ತೆರೆಯುವ ಏರ್ಪಾಡು ಆ ಕಾಲದಲ್ಲಿ ಬಹಳ ಮೆಚ್ಚುಗೆ ಪಡೆದಿತ್ತು, ಆದರೆ ಅಪಘಾತವಾದಾಗ ಹೊರಗಿನವರು ಬಾಗಿಲು ತೆರೆಯುವ ದಾರಿಯೇ ಇಲ್ಲದಂತಾಗುತ್ತದೆ. ಹಿಡಿಗಳು ಇರಲಿ, ಅವಕ್ಕೆ ಒಳ್ಳೆಯ ಕ್ರೋಮ್ ಲೇಪನ ಮಾಡಿಸಿ.

ಬಣ್ಣ ಮತ್ತು ಗೆರೆ

ಕಾರಿನ ಬಣ್ಣಕ್ಕೆ ನಮ್ಮ ಪೇಂಟರುಗಳು ಇಂದಿಗೂ ಹೇಳುವ ‘ಡ್ಯೂಕೋ’ ಎಂಬ ಹೆಸರು ಇಪ್ಪತ್ತರ ದಶಕದಲ್ಲಿ ಡ್ಯುಪಾಂಟ್ ಕಂಪನಿ ಹೊರತಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಣ್ಣದ್ದು. ಲ್ಯಾಕರ್ ಎಂಬ ಪದಕ್ಕೂ ಅರಗಿನ ಹೆಸರಾದ ಲಾಕ್ಷಾ ಎಂಬ ಸಂಸ್ಕೃತ ಪದಕ್ಕೂ ನಂಟಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೂ ‘ಲ್ಯಾಕ್’ ಇತ್ತು. ಇಂದು ಚುನಾವಣೆಯ ಶಾಯಿಗೆ ಹೆಸರಾಗಿರುವುದು ಅದೇ ಕಾರ್ಖಾನೆ. ಅರಗಿಗೂ ನೈಟ್ರೋಸೆಲ್ಯುಲೋಸಿಗೂ ರಾಸಾಯನಿಕ ಸಂಬಂಧವೇನೂ ಇಲ್ಲ, ಆದರೂ ಊರಿನ ಬಗ್ಗೆ ಒಂದಿಷ್ಟು ಹೆಮ್ಮೆ ಪಡುವುದರಲ್ಲಿ ತಪ್ಪಿಲ್ಲ.

ಅಂಗಡಿಯಲ್ಲಿ ಎನ್‌ಸಿ ಪೇಂಟು ಎಂದು ಕೇಳಿದರೆ ಸಿಗುವ ಈ ಲ್ಯಾಕರಿಗೂ, ಈಗ ಎಲ್ಲೆಡೆ ಬಳಸುವ ಪಿಯು (ಪಾಲಿಯುರೆಥೇನ್) ಪೇಂಟಿಗೂ ನೋಟದಲ್ಲಿ ವ್ಯತ್ಯಾಸವಿದೆ. ಪಿಯು ಪೇಂಟಿನ ಹೊಳಪು ಮೇಲೆ ಗಾಜು ಹೊದಿಸಿದಂತಿರುತ್ತದೆ. ಲ್ಯಾಕರಿನ ಹೊಳಪು ಉಜ್ಜಿ ಉಜ್ಜಿ ತಂದದ್ದು, ಎಣ್ಣೆ ಹಚ್ಚಿ ತೀಡಿದ ಬೀಟೆ ಮರದ ಹೊಳಪಿನಂತೆ. ಅದನ್ನು ತೆಳುವಾಗಿ ಎಂಟು ಹತ್ತು ಪದರ ಬಳಿದು, ನಡುನಡುವೆ ನೀರಿನಲ್ಲಿ ಅದ್ದಿದ ವಾಟರ್ ಪೇಪರಿನಿಂದ 600, 800, 1000 ಎಂದು ನುಣುಪಿಗೆ ಏರುತ್ತಾ ಉಜ್ಜಿ, ಕೊನೆಗೆ ಹೊಳಪು ತರುವ ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಬೇಕು. ಎನಾಮಲ್ ಬಣ್ಣದ ಮೇಲೆ ನೇರವಾಗಿ ಲ್ಯಾಕರ್ ಹೊಡೆದರೆ ಕೆಳಗಿನ ಪದರ ಸುಕ್ಕೇಳುತ್ತದೆ. ಆದ್ದರಿಂದ ಡಿಕ್ಕಿಯ ಒಳಮೂಲೆಯಲ್ಲಿ ಥಿನ್ನರ್ ಬಟ್ಟೆಯಿಂದ ಉಜ್ಜಿ ನೋಡಿ: ಕರಗಿದರೆ ಅದು ಲ್ಯಾಕರ್, ಸುಕ್ಕಾದರೆ ಎನಾಮಲ್, ಏನೂ ಆಗದಿದ್ದರೆ ಪಿಯು. ಅನುಮಾನವಿದ್ದರೆ ತಗಡಿನವರೆಗೂ ಕೆರೆಯುವುದೇ ಲೇಸು.

ಲ್ಯಾಕರಿನ ಶತ್ರು ತೇವ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ನಾನೇ ಅವಸರ ಮಾಡಿ ಆಷಾಢದ ಜಡಿಮಳೆಯ ಒಂದು ಮಧ್ಯಾಹ್ನ ಬಾನೆಟ್ಟಿಗೆ ಬಣ್ಣ ಹೊಡೆಸಿದೆ. ಪೇಂಟರು ಬೇಡವೆಂದರೂ ಕೇಳಲಿಲ್ಲ. ಕಡುಹಸಿರಾಗಬೇಕಾದದ್ದು ಮಜ್ಜಿಗೆಯಲ್ಲಿ ಅದ್ದಿದ ಸೊಪ್ಪಿನ ಬಣ್ಣಕ್ಕೆ ತಿರುಗಿತು, ಪೂರ್ತಿ ಕೆರೆದು ಮತ್ತೆ ಬಳಿಯಬೇಕಾಯಿತು. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ಹವೆಯೇ ಮೈಸೂರಿನಲ್ಲಿ ಈ ಕೆಲಸಕ್ಕೆ ಹದವಾದ ಕಾಲ, ಅದರಲ್ಲಿಯೂ ಬೆಳಗಿನ ಮಂಜು ಆರಿದ ಮೇಲೆ.

ಎರಡು ಬಣ್ಣ ಬಳಿಯುವುದಾದರೆ ಅವು ಒಂದೇ ಕುಟುಂಬದವಾಗಿರಲಿ, ಒಂದು ತಿಳಿ, ಒಂದು ಗಾಢ. ಮತ್ತು ಅವುಗಳ ಗಡಿ ಪಟ್ಟಿಯ ಕೆಳಗೆ ಮರೆಯಾಗಲಿ. ಬಂಗಾರ ಅಥವಾ ಬೆಳ್ಳಿ ಬಣ್ಣದ ತಳದ ಮೇಲೆ ಪಾರದರ್ಶಕ ಬಣ್ಣದ ಪದರಗಳನ್ನು ಹೊಡೆಯುವ ‘ಕ್ಯಾಂಡಿ’ ವಿಧಾನಕ್ಕೆ ಜೋ ಬೈಲನ್ ಹೆಸರುವಾಸಿ. ಅದು ಬಿಸಿಲಿಗೆ ಬೇಗ ಮಾಸುತ್ತದೆ, ತೇಪೆ ಹಾಕಲು ಬರುವುದಿಲ್ಲ. ಶೆಡ್ಡಿಲ್ಲದವರು ಆ ಆಸೆಯನ್ನು ಬಿಡಬೇಕು.

ಸಣ್ಣ ಗೆರೆಗಳ ವಿಷಯದಲ್ಲಿ ಮೈಸೂರಿನವರಿಗೆ ಹೊರಗಿನಿಂದ ಕಲಿಯಬೇಕಾದದ್ದು ಕಡಿಮೆ. ಅಮೆರಿಕದಲ್ಲಿ ಇದು ಕುದುರೆಗಾಡಿಗಳಿಗೆ ಗೆರೆ ಎಳೆಯುವವರ ಕೈಯಿಂದ ಕಾರಿಗೆ ಬಂದ ವಿದ್ಯೆ. ಐವತ್ತರ ದಶಕದಲ್ಲಿ ವಾನ್ ಡಚ್ ಎಂದು ಹೆಸರಾದ ಕೆನ್ನಿ ಹೋವರ್ಡ್ ಅದಕ್ಕೆ ಹೊಸ ಹುಚ್ಚು ಹಿಡಿಸಿದ. ಉದ್ದ ಕೂದಲಿನ ಕುಂಚವನ್ನು ಬಣ್ಣದಲ್ಲಿ ಅದ್ದಿ, ಬೆರಳಲ್ಲ, ಇಡೀ ತೋಳು ಚಲಿಸುವಂತೆ ಒಂದೇ ಉಸಿರಿನಲ್ಲಿ ಎಳೆಯಬೇಕು. ಮೈಸೂರು ಸಂಪ್ರದಾಯದ ಚಿತ್ರ ಬರೆಯುವವರನ್ನೋ ಲಾರಿಗೆ ಗೆರೆ ಎಳೆಯುವ ಪೇಂಟರನ್ನೋ ಒಪ್ಪಿಸಿದರೆ ಸ್ಟಿಕ್ಕರ್ ಅಂಟಿಸುವ ಪಾಪದಿಂದ ಪಾರಾಗಬಹುದು. ಕೈಗೆರೆಯ ಅಗಲದಲ್ಲಿ ಕೂದಲೆಳೆಯಷ್ಟು ಏರಿಳಿತ ಇರುತ್ತದೆ. ಅದನ್ನು ದೋಷವೆಂದು ತಿದ್ದಿಸಬೇಡಿ.

ಒಳಗೆ ಮತ್ತು ಬಾನೆಟ್ಟಿನ ಕೆಳಗೆ

ಉಬ್ಬು ತಗ್ಗಿನ ಉದ್ದುದ್ದ ಮಡಿಕೆಗಳಿರುವ ಎರಡು ಬಣ್ಣದ ಸೀಟು ಆ ಕಾಲದ ಗುರುತು. ಕಡಿಮೆ ಖರ್ಚಿನಲ್ಲಿ ಇದನ್ನು ಮಾಡಿಸಲು ಕ್ಯಾಲಿಫೋರ್ನಿಯಾದ ಹುಡುಗರು ಗಡಿ ದಾಟಿ ಮೆಕ್ಸಿಕೋದ ತಿಹುವಾನಾ ಊರಿಗೆ ಹೋಗುತ್ತಿದ್ದರು. ನಮಗೆ ಅಷ್ಟು ದೂರದ ಪ್ರಯಾಣ ಬೇಕಿಲ್ಲ. ಸೀಟಿನ ಕುಶನ್ ಹೊಲಿಯುವವರಿಗೆ ಒಂದು ಮಡಿಕೆಯ ಮಾದರಿಯನ್ನು ತೋರಿಸಿ, ಮಡಿಕೆಯ ಅಗಲ ಎರಡು ಅಂಗುಲ ಮೀರದಂತೆ, ಹೊಲಿಗೆ ಬಾಗಿಲ ಒಳಪಟ್ಟಿಯ ಗೆರೆಗಳೊಂದಿಗೆ ಹೊಂದುವಂತೆ ಹೇಳಿ. ಹಳೆಯ ಸೀಟಿನ ಹೊದಿಕೆಯನ್ನು ಹರಿಯದೆ ಬಿಚ್ಚಿಸಿ ಎತ್ತಿಡಿ. ಸ್ಟಿಯರಿಂಗ್ ಕಂಬದ ಮೇಲಿನ ಗೇರ್ ಕೋಲನ್ನು ಹಾಗೇ ಉಳಿಸಿಕೊಳ್ಳಿ, ಅದರ ತುದಿಗೆ ನಮ್ಮೂರಿನ ಬೀಟೆ ಮರದ ಕೆತ್ತನೆಗಾರರಿಂದ ಒಂದು ಗುಂಡು ಮಾಡಿಸಿದರೆ ಚೆನ್ನ.

ಎಂಜಿನ್ ಬದಲಾಯಿಸುವಂತಿಲ್ಲ, ಬದಲಾಯಿಸಬೇಕಾಗಿಯೂ ಇಲ್ಲ. 1489 ಸಿಸಿ ಸಾಮರ್ಥ್ಯದ ಅಂಬಾಸಿಡರ್ ಎಂಜಿನ್ ಬ್ರಿಟನ್ನಿನ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ 1955ರಲ್ಲಿ ಬಂದ ಎಂಜಿನ್ನಿನ ಕುಟುಂಬದ್ದೇ. ಅಲ್ಲಿ ಅದಕ್ಕೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್‌ಗಳಿದ್ದವು. ಆ ಜೋಡಿಯನ್ನು ಹುಡುಕಿ ತಂದು ಕೂರಿಸುವುದು ಇಸವಿಗೂ ಒಪ್ಪುತ್ತದೆ, ನಾಲ್ಕು ನಟ್ಟು ಬಿಚ್ಚಿದರೆ ಹಳೆಯದಕ್ಕೂ ಮರಳಬಹುದು. ಆದರೆ ಎರಡನ್ನೂ ಸಮತೋಲನಕ್ಕೆ ತರುವ ತಾಳ್ಮೆಯಿರುವ ಮೆಕ್ಯಾನಿಕ್ ಸಿಕ್ಕಿದ ಮೇಲಷ್ಟೇ ಹಣ ಹಾಕಬೇಕು.

ಕೆಲಸದುದ್ದಕ್ಕೂ ಪಕ್ಕದಲ್ಲಿ ಒಂದು ಗಟ್ಟಿ ಪೆಟ್ಟಿಗೆ ಇರಲಿ. ಬಿಚ್ಚಿದ ಪ್ರತಿಯೊಂದು ಲಾಂಛನ, ಪಟ್ಟಿ, ಕ್ಲಿಪ್ಪು, ಸ್ಕ್ರೂಗಳನ್ನು ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಯಾವ ತಾರೀಕು ಯಾವ ಜಾಗದಿಂದ ತೆಗೆದದ್ದೆಂದು ಚೀಟಿ ಬರೆದು ಅದರಲ್ಲಿ ಇಡಿ. ಟಾರ್ಷನ್ ಬಾರಿನ ಹಲ್ಲುಗಳು ಮೊದಲು ಎಲ್ಲಿದ್ದವು ಎಂಬ ಗುರುತಿನ ಚಿತ್ರವೂ, ಹಳೆಯ ಬಣ್ಣದ ಒಂದು ಚೂರು ಚಕ್ಕೆಯೂ ಅದರೊಳಗೆ ಸೇರಲಿ. ನನ್ನ ಪೆಟ್ಟಿಗೆ ಅಟ್ಟದ ಮೇಲಿದೆ. ಕಾರಿನ ಆರ್‌ಸಿ ಪುಸ್ತಕದ ಹಿಂದೆ, ಅದು ಅಟ್ಟದ ಯಾವ ಮೂಲೆಯಲ್ಲಿದೆ ಎಂದು ಬರೆದ ಚೀಟಿಯನ್ನು ಸಿಕ್ಕಿಸಿಟ್ಟಿದ್ದೇನೆ.